ಹೊನ್ನೆಯ ಪೆಟ್ಟಿಗೆ, ಹಲಸಿನ ಬೆಂಚು

ಭೋಗಿಯ ದಿನ ಬೆಳಗಿನ ಜಾವ ನಮ್ಮ ಬೀದಿಗಳಲ್ಲಿ ಏನೇನು ಬೆಂಕಿಗೆ ಬೀಳುತ್ತದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಸವೆದ ಪೊರಕೆ, ಹರಿದ ಚಾಪೆ, ತಳ ಹೋದ ಮೊರ, ಕುಕ್ಕೆ ಇವುಗಳನ್ನು ಹಳೆಯದು ಕಳೆದು ಹೊಸದು ಬರಲೆಂಬ ಹಾರೈಕೆಯೊಂದಿಗೆ ಸುಡುವ ಸಂಪ್ರದಾಯವನ್ನು ಹೊಸೂರು, ಕೃಷ್ಣಗಿರಿ ಸೀಮೆಯ ಕನ್ನಡ ಮನೆಗಳೂ ನೆರೆಯ ತಮಿಳು, ತೆಲುಗು ಮನೆಗಳೊಡನೆ ಕೂಡಿ ಆಚರಿಸುತ್ತ ಬಂದಿವೆ. ಆದರೆ ಈಚಿನ ವರ್ಷಗಳಲ್ಲಿ ಆ ಬೆಂಕಿಯಲ್ಲಿ ಮರದ ಸಾಮಾನುಗಳೂ ಕಾಣಿಸಿಕೊಳ್ಳತೊಡಗಿವೆ. ಕಾಲು ಮುರಿದ ಬೆಂಚು, ಬಾಗಿಲು ಕಳಚಿದ ಬೀರು, ಕುಟ್ಟೆ ಹಿಡಿದ ಮಂಚ. ಬೆಂಕಿಯಿಂದ ಉಳಿದದ್ದು ಗುಜರಿಯವನ ಗಾಡಿಯನ್ನೇರುತ್ತದೆ. ಸ್ವಲ್ಪ ಕೆತ್ತನೆಯೋ ಹಿತ್ತಾಳೆಯ ಪಟ್ಟಿಯೋ ಇದ್ದುದನ್ನು ವ್ಯಾಪಾರಿಗಳು ಹುಡುಕಿಕೊಂಡು ಬಂದು ಒಯ್ಯುತ್ತಾರೆ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಸಾಲಾಗಿ ನಿಂತ ಹಳೆಯ ಸಾಮಾನಿನ ಅಂಗಡಿಗಳನ್ನು ಕಂಡವರಿಗೆ, ಯಾರದೋ ಮನೆಯ ನಡುಮನೆಯ ಬಾಗಿಲು ಇನ್ಯಾರದೋ ಹೋಟೆಲಿನ ಗೋಡೆಗೆ ಒರಗಲು ಕಾದು ನಿಂತಿರುವುದು ಹೊಸ ನೋಟವಲ್ಲ.

ನಮ್ಮ ಉದ್ದನಪಲ್ಲಿಯ ಮನೆಯಲ್ಲಿಯೂ ಹೋದ ವರ್ಷ ಭೋಗಿಯ ಹಿಂದಿನ ಸಂಜೆ ಮೂರು ಸಾಮಾನುಗಳು ಅಟ್ಟದಿಂದಿಳಿದು ಅಂಗಳಕ್ಕೆ ಬಂದವು. ಒಂದು ಉದ್ದನೆಯ ಬೆಂಚು, ಒಂದು ತೊಟ್ಟಿಲು, ಮತ್ತೊಂದು ನಮ್ಮ ಅಜ್ಜಿ ತವರಿನಿಂದ ತಂದ ಪೆಟ್ಟಿಗೆ. ಇವುಗಳಲ್ಲಿ ಯಾವುದನ್ನು ಉಳಿಸುವುದು, ಉಳಿಸಿದರೆ ಹೇಗೆ ಉಳಿಸುವುದು ಎಂಬ ಚರ್ಚೆ ನಾವೆಣಿಸಿದಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಚಿಕ್ಕಪ್ಪನವರ ವಾದ ನೇರವಾಗಿತ್ತು. ಕೈಗಾರಿಕಾ ಪ್ರದೇಶಕ್ಕಾಗಿ ಭೂಮಿ ತೆಗೆದುಕೊಳ್ಳುವ ಮಾತು ಬಂದು 2023ರಲ್ಲಿ ನಮ್ಮ ಸುತ್ತಿನ ರೈತರು ಧರಣಿ ಕುಳಿತದ್ದು ಎಲ್ಲರಿಗೂ ನೆನಪಿದೆ. "ನೆಲ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಬೆಂಚಿಗೆ ಬಣ್ಣ ಹೊಡೆಯುತ್ತೀರಾ?" ಎಂದು ಅವರು ಕೇಳಿದಾಗ ನಮ್ಮಲ್ಲಿ ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟವರು ನಮ್ಮ ಸೋದರತ್ತೆ. ತೊಂಬತ್ತರ ವಯಸ್ಸಿನ ಅವರು ಜಗಲಿಯಿಂದಲೇ, "ನೆಲ ಹೊತ್ತುಕೊಂಡು ಹೋಗಕ್ಕಾಗಲ್ಲ ಕಣೋ, ಪೆಟ್ಟಿಗೆ ಹೊತ್ತುಕೊಂಡು ಹೋಗಬಹುದು" ಎಂದರು. ಚರ್ಚೆ ಅಲ್ಲಿಗೆ ನಿಂತಿತು.

ಬಣ್ಣದ ಪ್ರಸ್ತಾಪ ತಂದವಳು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಅಕ್ಕನ ಮಗಳು. ಹೆರಿಗೆಗೆಂದು ಬಂದು ತಿಂಗಳೆರಡು ನಮ್ಮೊಡನಿದ್ದಳು. ಸೀಮೆಸುಣ್ಣದ ಪುಡಿ ಬೆರೆಸಿದ ಒಂದು ಬಗೆಯ ಬಣ್ಣವನ್ನು ಹಳೆಯ ಮರಕ್ಕೆ ನೇರವಾಗಿ ಬಳಿದು, ಒಣಗಿದ ಮೇಲೆ ಮೇಣ ತಿಕ್ಕಿದರೆ, ಹೊಳಪಿಲ್ಲದ, ಹಾಲಿನ ಕೆನೆಯಂಥ ಮೃದುವಾದ ಮೈ ಬರುತ್ತದೆಂದೂ, ಹಳೆಯ ವಾರ್ನಿಷನ್ನು ಪೂರಾ ಕೆರೆದು ತೆಗೆಯುವ ದುಡಿಮೆ ಬೇಕಾಗಿಲ್ಲವೆಂದೂ ಅವಳು ಹೇಳಿದಳು. ಇದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆನಿ ಸ್ಲೋನ್ ಎಂಬ ಮಹಿಳೆ 1990ರಲ್ಲಿ ರೂಪಿಸಿದ ಬಣ್ಣ. 'ಚಾಕ್ ಪೇಂಟ್' ಎಂಬ ಹೆಸರು ಅವರದೇ ಮುದ್ರೆ. ಈಗ ಅದೇ ತೆರನಾದ ಬಣ್ಣವನ್ನು ಬೇರೆ ಬೇರೆಯವರು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಮನೆಯಲ್ಲಿಯೇ ಕಲಸಿಕೊಳ್ಳುವವರೂ ಬಹಳ ಮಂದಿ.

ಇಲ್ಲಿ ಒಂದು ಮಾತು. ಕಡಲಾಚೆಯಿಂದ ಬಂದುದಕ್ಕೆಲ್ಲ ನಮ್ಮ ಹಿರಿಯರು 'ಸೀಮೆ' ಎಂಬುದನ್ನು ಮುಂದಕ್ಕೆ ಸೇರಿಸಿ ಮನೆಯೊಳಕ್ಕೆ ಬಿಟ್ಟುಕೊಂಡರು. ಸೀಮೆಎಣ್ಣೆ, ಸೀಮೆಬದನೆ, ಸೀಮೆಸುಣ್ಣ. ನಮ್ಮ ಗೋಡೆಯ ಸುಣ್ಣಕ್ಕೂ ಅವರ ಸೀಮೆಯ ಸುಣ್ಣಕ್ಕೂ ಹೆಸರಿನಲ್ಲಿರುವಷ್ಟು ದೂರ ವಸ್ತುವಿನಲ್ಲಿಲ್ಲ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗಿ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಕಡಲಂಚಿನ ಬಿಳಿಯ ಬಂಡೆಗಳೂ ಅದೇ ವಸ್ತು, ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿ ಬದುಕಿದ್ದ ಸೂಕ್ಷ್ಮಜೀವಿಗಳ ಚಿಪ್ಪು. (ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಕಡ್ಡಿ ಮಾತ್ರ ನಮ್ಮಲ್ಲಿ ಬಹುಮಟ್ಟಿಗೆ ಜಿಪ್ಸಮ್ಮಿನದು, ಅದನ್ನು ಕುಟ್ಟಿ ಬಣ್ಣಕ್ಕೆ ಸೇರಿಸಿದರಾಯಿತೆಂದು ಹೊರಟ ನಮಗೆ ಇದು ತಡವಾಗಿ ತಿಳಿಯಿತು.) ಗೋಡೆಯ ಸುಣ್ಣ ತಾನಾಗಿ ಗಟ್ಟಿಯಾಗುತ್ತದೆ, ಈ ಬಣ್ಣದಲ್ಲಿನ ಸೀಮೆಸುಣ್ಣವಾದರೋ ಬರಿಯ ಪುಡಿ, ಅದನ್ನು ಹಿಡಿದಿಡಲು ಅಂಟು ಬೇಕು. ಪುಡಿಗೆ ಅಂಟು ಸೇರಿಸಿ ಮರದ ಮೇಲೋ ಹಲಗೆಯ ಮೇಲೋ ಹಚ್ಚುವುದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬಿಕೊಂಡಿರುವ ಕೆಲಸವೆಲ್ಲ ಬಿಳಿಯ ಪುಡಿ ಮತ್ತು ಅಂಟಿನದು. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗಳ ಸಂದು ಮುಚ್ಚುವುದು ಹುಣಿಸೆಬೀಜದ ಅಂಟಿನಿಂದ.

ಬೆಂಚಿನಿಂದ ಆರಂಭಿಸಿದೆವು. ಅದರ ಕಾಲುಗಳು ಬೇವು, ಹಲಗೆ ಹಲಸು, ನಡುವೆ ಯಾರೋ ಬಡಿದ ಪ್ಲೈವುಡ್ಡಿನ ತೇಪೆ. ಇಂಥದಕ್ಕೆ ಬಣ್ಣವೇ ಗತಿ ಎಂಬುದರಲ್ಲಿ ಎರಡು ಅಭಿಪ್ರಾಯವಿರಲಿಲ್ಲ. ಹೊಸೂರಿನ ಬಣ್ಣದಂಗಡಿಯಿಂದ ಗೋಡೆಗೆ ಹೊಡೆಯುವ ಬಿಳಿಯ ಎಮಲ್ಷನ್ನನ್ನೂ ಚಾಕ್ ಪುಡಿಯನ್ನೂ ತಂದೆವು. ಪುಡಿ ಒಂದು ಲೋಟ, ನೀರು ಮುಕ್ಕಾಲು ಲೋಟ; ಮೊದಲು ಇವೆರಡನ್ನೂ ಗಂಟಿಲ್ಲದಂತೆ ದೋಸೆಹಿಟ್ಟಿನ ಹದಕ್ಕೆ ಕಲಸಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ಅನಂತರ ಮೂರು ಲೋಟ ಎಮಲ್ಷನ್ನಿಗೆ ಸೇರಿಸಬೇಕು. ಪುಡಿಯನ್ನು ನೇರವಾಗಿ ಬಣ್ಣಕ್ಕೆ ಸುರಿದರೆ ಗಂಟುಗಳು ಕೊನೆಯವರೆಗೂ ಕರಗವು. ಕೆಲವರು ಚಾಕಿನ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕುತ್ತಾರೆ. ಅದು ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಬಿಗಿಯುವುದರಿಂದ ಕೈ ಚುರುಕಿಲ್ಲದವರು ಅದರ ತಂಟೆಗೆ ಹೋಗದಿರುವುದೇ ಲೇಸು. ಬೆಂಚನ್ನು ಸೋಪಿನ ನೀರಿನಿಂದ ಒರಸಿ, ಒಣಗಿಸಿ, ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ತೆಳುವಾಗಿ ಒಂದು ಹೂಟೆ ಬಳಿದೆವು. ಬಳಿದ ಒಂದು ಗಂಟೆಯಲ್ಲಿ ಒಣಗಿತು. ಸಂಜೆಯ ಬೆಳಕಿನಲ್ಲಿ ಅದು ಹೊಸ ಸುಣ್ಣ ಕಂಡ ಗುಡಿಯ ಪೌಳಿಯಂತೆ ಬೆಳ್ಳಗೆ ಕಾಣುತ್ತಿತ್ತು.

ಬೆಳಗಾಗುವಷ್ಟರಲ್ಲಿ ಹಲಗೆಯ ಉದ್ದಕ್ಕೂ ಹಳದಿಯ ಕಲೆಗಳೆದ್ದಿದ್ದವು. ಮತ್ತೊಂದು ಹೂಟೆ ಕೊಟ್ಟೆವು. ಮಾರನೆಯ ದಿನ ಅವೇ ಕಲೆಗಳು ಅಲ್ಲಿಯೇ. ಮೂರನೆಯ ಹೂಟೆಯೂ ಅವುಗಳನ್ನು ಮುಚ್ಚಲಿಲ್ಲ. ಬಣ್ಣ ಕಳಪೆಯೆಂದು ನಮ್ಮ ಹುಡುಗಿ, ನೀರು ಗಡಸೆಂದು ನಾವು ಗೊಣಗಿಕೊಂಡಿರುವಾಗ, ಕೆಳಮಂಗಲದ ಕಡೆಯಿಂದ ಬಾಗಿಲ ಕೆಲಸಕ್ಕೆಂದು ಬಂದಿದ್ದ ವೃದ್ಧ ಆಚಾರಿ ಬೆಂಚಿನ ಅಡಿಯನ್ನು ಉಗುರಿನಿಂದ ಗೀರಿ ನೋಡಿ ನಕ್ಕುಬಿಟ್ಟರು. "ಅಮ್ಮಾ, ಇದು ಹಲಸು. ಇದರ ಹೊಟ್ಟೆಯಲ್ಲೇ ಅರಿಶಿನ ಇದೆ. ನೀವು ನೂರು ಸಲ ಬಳಿಯಿರಿ, ಅದು ನೂರೊಂದನೇ ಸಲ ಮೇಲಕ್ಕೆ ಬರುತ್ತೆ."

ಅವರ ಮಾತು ಅಕ್ಷರಶಃ ನಿಜ. ಹಲಸಿನ ಚೇಗಿನಿಂದ ತೆಗೆದ ಹಳದಿ ಬಣ್ಣದಲ್ಲಿಯೇ ಬರ್ಮಾ, ಸಯಾಮ್ ದೇಶಗಳ ಬೌದ್ಧ ಭಿಕ್ಷುಗಳು ತಮ್ಮ ಚೀವರಗಳನ್ನು ಅದ್ದುತ್ತಿದ್ದರು. ನೀರಿನಲ್ಲಿ ಕಲಸಿದ ಯಾವ ಬಣ್ಣವನ್ನು ಹಚ್ಚಿದರೂ ಆ ನೀರೇ ಮರದೊಳಗಿನ ಹಳದಿಯನ್ನು ಕರಗಿಸಿ ಮೇಲಕ್ಕೆಳೆಯುತ್ತದೆ. ಇದಕ್ಕೆ ಪರಿಹಾರವೂ ಆಚಾರಿಯ ಚೀಲದಲ್ಲಿಯೇ ಇತ್ತು. ಅದು ಅರಗು.

ಅರಗಿನ ವಿಷಯ ಬಂದಾಗ ಸ್ವಲ್ಪ ನಿಲ್ಲುವುದು ಉಚಿತ. ಮುತ್ತುಗ, ಎಲಚಿ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ರಸ ಹೀರುತ್ತ ತನ್ನ ಮೈಯ ಸುತ್ತ ಸ್ರವಿಸುವ ಕವಚವೇ ಅರಗು. ಇದನ್ನು ಹೆಚ್ಚಾಗಿ ಬೆಳೆಯುವುದು ಛೋಟಾನಾಗಪುರದ ಕಾಡುಗಳಲ್ಲಿ. ಇದರ ಸಂಶೋಧನೆಗೆಂದು ರಾಂಚಿಯಲ್ಲಿ 1924ರಷ್ಟು ಹಿಂದೆಯೇ ಒಂದು ಸಂಸ್ಥೆ ಸ್ಥಾಪನೆಯಾಯಿತು. ಪಾಂಡವರಿಗೆ ಕೌರವರು ಕಟ್ಟಿಸಿದ ಅರಗಿನ ಮನೆಯ ಕಥೆ ಕೇಳಿ ಬೆಳೆದ ನಮಗೆ, ಅದು ಬೇಗ ಉರಿಯುವ ವಸ್ತುವೆಂಬುದು ಮೊದಲೇ ಗೊತ್ತು. ಅದೇ ಅರಗನ್ನು ಚನ್ನಪಟ್ಟಣದ ಕುಶಲಿಗಳು ತಿರುಗುತ್ತಿರುವ ಮರಕ್ಕೆ ಕಡ್ಡಿಯಾಗಿ ಒತ್ತಿ, ಉಜ್ಜಿನ ಬಿಸಿಗೇ ಕರಗಿಸಿ ಬೊಂಬೆಗಳಿಗೆ ಮೈಬಣ್ಣ ಕೊಡುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ತೆರೆದ ಬಣ್ಣದ ಕಾರ್ಖಾನೆಯ ಮೊದಲ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 'ಲ್ಯಾಕ್' ಎಂದರೆ ಈ ಅರಗೇ. 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬರುತ್ತಿರುವುದೂ ಅಲ್ಲಿಂದಲೇ ಎಂಬುದನ್ನು ಬಲ್ಲವರು ಹಲವರು, ಅದರ ಹುಟ್ಟು ಅರಗಿನ ಹೆಸರಿನಲ್ಲಾಯಿತೆಂಬುದನ್ನು ಬಲ್ಲವರು ಕೆಲವರು.

ಆಚಾರಿ ಮೇಣ ತೆಗೆದ ಅರಗಿನ ಹಳಕುಗಳನ್ನು, ಲೀಟರಿಗೆ ಸುಮಾರು 150 ಗ್ರಾಂ ಲೆಕ್ಕದಲ್ಲಿ, ಸ್ಪಿರಿಟ್ಟಿನಲ್ಲಿ ಹಾಕಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಅದು ಜೇನಿನ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಲೆಬಿದ್ದ ಬಿಳಿಯನ್ನು ಉಜ್ಜಿ ತೆಳುವಾಗಿಸಿ, ಅದರ ಮೇಲೆ ಈ ಅರಗನ್ನು ಎರಡು ಹೂಟೆ ಕೊಟ್ಟು, ಒಣಗಿದ ಮೇಲೆ ನುಣುಪಾದ ಉಪ್ಪುಕಾಗದವನ್ನು ಒಮ್ಮೆ ಆಡಿಸಿ, "ಈಗ ನಿಮ್ಮ ಸುಣ್ಣ ಬಳಿಯಿರಿ" ಎಂದರು. ಅರಗು ಕರಗುವುದು ಸ್ಪಿರಿಟ್ಟಿನಲ್ಲಿ, ನೀರಿನಲ್ಲಲ್ಲ. ಆದುದರಿಂದ ಅದು ಹಲಸಿನ ಹಳದಿಗೂ ನೀರಿನ ಬಣ್ಣಕ್ಕೂ ನಡುವೆ ಗೋಡೆಯಾಗಿ ನಿಂತಿತು. ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಬಣ್ಣ ಉದ್ದನಪಲ್ಲಿಯ ಹಲಸಿನ ಮೇಲೆ ನಿಂತದ್ದು ಹೀಗೆ. ಉಪ್ಪುಕಾಗದವನ್ನು ತಮಿಳಿನಲ್ಲಿಯೂ 'ಉಪ್ಪುತ್ತಾಳ್' ಎಂದೇ ಕರೆಯುತ್ತಾರೆ. ಮರಗೆಲಸದವರ ಮಾತಿಗೆ ಗಡಿಯಿಲ್ಲವೆಂದು ಆಚಾರಿ ಹೇಳಿದ್ದನ್ನೂ ಇಲ್ಲಿಯೇ ಬರೆದಿಡುತ್ತೇವೆ.

ಇನ್ನು ಪೆಟ್ಟಿಗೆ. ಅದನ್ನೂ ಬಿಳಿ ಮಾಡಬೇಕೆಂಬುದು ಹುಡುಗಿಯ ಆಸೆ. ಹೊರಮೈ ಹೊಗೆ, ಎಣ್ಣೆ, ಕೈಜಿಡ್ಡುಗಳಿಂದ ಕಪ್ಪಾಗಿ ಮರ ಯಾವುದೆಂದೇ ತಿಳಿಯದಂತಾಗಿತ್ತು. ಆಚಾರಿ ಏನನ್ನೂ ಹೇಳದೆ, ಬಟ್ಟೆಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದು ಮೂಲೆಯಲ್ಲಿ ಅಂಗೈಯಗಲ ಒರಸಿದರು. ಕಪ್ಪಿನ ಅಡಿಯಿಂದ ಕೆಂಪು ಬೆರೆತ ಹೊಂಬಣ್ಣ ಮೇಲೆದ್ದಿತು. ಹೊನ್ನೆ. ಅದನ್ನು ನೋಡಿದ ಮೇಲೆ ಬಿಳಿಯ ಬಣ್ಣದ ಡಬ್ಬಿಯ ಮುಚ್ಚಳವನ್ನು ಹುಡುಗಿಯೇ ಮುಚ್ಚಿದಳು. ನಮ್ಮ ಅಭಿಪ್ರಾಯವೂ ಅದೇ: ತೇಪೆಯ ಮರಕ್ಕೆ, ಹಿಂದೆಯೇ ಬಣ್ಣ ಕಂಡ ಮರಕ್ಕೆ, ಕಾರ್ಖಾನೆಯ ಹಲಗೆಗೆ ಈ ಸುಣ್ಣದ ಬಣ್ಣ ವರವೇ ಸರಿ, ಹೊನ್ನೆ, ಬೀಟೆ, ತೇಗಗಳ ಮೇಲೆ ಅದನ್ನು ಬಳಿಯುವುದು ಅಪಚಾರ. ಒಮ್ಮೆ ಮರದ ನರಗಳೊಳಕ್ಕೆ ಇಳಿದ ಬಿಳಿಯ ಪುಡಿಯನ್ನು ಮತ್ತೆ ಪೂರ್ತಿಯಾಗಿ ತೆಗೆಯಲು ಯಾವ ಆಚಾರಿಗೂ ಆಗದು.

ಪೆಟ್ಟಿಗೆಯ ವಿಷಯದಲ್ಲಿ ತಪ್ಪು ಮಾಡಿದವರು ನಾವೇ. ಆಚಾರಿ ಬರುವ ಮೊದಲೇ, ಶುಚಿಮಾಡುವ ಉತ್ಸಾಹದಲ್ಲಿ, ಮುಚ್ಚಳವನ್ನೆತ್ತಿ ಒಳಗಡೆಯೂ ಸೋಪಿನ ನೀರಿನ ಬಟ್ಟೆಯಾಡಿಸಿದೆವು. ಮೇಲಿನ ಅಂಚಿನಿಂದ ಆರಂಭಿಸಿ ಎರಡು ಸಲ ಎಳೆಯುವಷ್ಟರಲ್ಲಿ ಬಟ್ಟೆ ಕಪ್ಪಾಯಿತು. ಧೂಳೆಂದುಕೊಂಡೆವು. ಮೂರನೆಯ ಸಲ ಬಟ್ಟೆಯೆತ್ತಿದಾಗ ಅದರ ಕೆಳಗೆ ಅಕ್ಷರಗಳು ಕಂಡವು. ತಾತನವರ ಕೈಬರಹ. ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರು, ಸಂವತ್ಸರ, ಮಾಸ, ತಿಥಿಗಳನ್ನು ಅವರು ಮಸಿಯಲ್ಲಿ ಮುಚ್ಚಳದ ಒಳಮೈಗೆ ಬರೆದಿಟ್ಟಿದ್ದರು. ಯುವ ಸಂವತ್ಸರದ ಸಾಲು ನಮ್ಮ ಸೋದರತ್ತೆಯದು, ಎಂದರೆ 1935. ವಿಕ್ರಮ ಸಂವತ್ಸರದ್ದು ನಮ್ಮ ತಂದೆಯವರದು. ಕೊನೆಯದು ದುರ್ಮುಖಿ, ಚಿಕ್ಕಪ್ಪನವರದು. ರಾಜ್ಯಗಳ ಪುನರ್ವಿಂಗಡಣೆಯಾಗಿ ಹೊಸೂರು ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿದ 1956ರ ವರ್ಷ. ಇವೆಲ್ಲ ಉಳಿದವು. ಎಲ್ಲಕ್ಕೂ ಮೇಲೆ ಇದ್ದ ಒಂದು ಸಾಲು ನಮ್ಮ ಬಟ್ಟೆಗೆ ಹತ್ತಿ ಹೋಗಿತ್ತು. 'ಆಂಗೀರಸ' ಎಂಬಷ್ಟು ಮಾತ್ರ ಮಸುಕಾಗಿ ಕಾಣುತ್ತಿತ್ತು. ಅಂದರೆ 1932.

ಅತ್ತೆಯವರನ್ನು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, ತಮಗಿಂತ ಮೊದಲು ಒಂದು ಹೆಣ್ಣುಕೂಸು ಹುಟ್ಟಿ ಕೆಲವೇ ತಿಂಗಳು ಬದುಕಿತ್ತೆಂದು ತಾಯಿ ಹೇಳುತ್ತಿದ್ದರೆಂದರು. ಹೆಸರು? "ಹೆಸರು ಅವಳು ಬಾಯಿಬಿಟ್ಟು ಹೇಳ್ತಿರಲಿಲ್ಲ ಕಣಮ್ಮ. ಅಪ್ಪ ಬರೆದಿಟ್ಟಿದ್ದಾರಲ್ಲ ಅಂತಿದ್ದಳು." ಬರೆದಿಟ್ಟಿದ್ದುದನ್ನು ನಾವು ಒರಸಿದ್ದೆವು. ಹುಡುಗಿ ಬೆಳಕನ್ನು ಓರೆಯಾಗಿ ಬಿಟ್ಟು, ಭೂತಗನ್ನಡಿ ಹಿಡಿದು, ಒಂದು ಮಧ್ಯಾಹ್ನವೆಲ್ಲ ನೋಡಿದಳು. ಕೊನೆಯಲ್ಲಿ ಒಂದು 'ಮ್ಮ' ಇದೆಯೆಂದಳು. ಅಷ್ಟು ಎಲ್ಲ ಹೆಣ್ಣುಮಕ್ಕಳ ಹೆಸರಿನಲ್ಲಿಯೂ ಇರುತ್ತಿತ್ತು.

ಆದಕಾರಣ ಓದುಗರಲ್ಲಿ ನಮ್ಮ ಬಿನ್ನಹ. ಬಟ್ಟೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಮುಚ್ಚಳದ ಒಳಮೈ, ಸೆಳೆಖಾನೆಗಳ ತಳ, ಬೀರುವಿನ ಬಾಗಿಲ ಹಿಂಬದಿ ಇವುಗಳನ್ನು ಹಗಲ ಬೆಳಕಿನಲ್ಲಿ ಒಮ್ಮೆ ನೋಡಿ. ಬರಹವಿದ್ದರೆ ಅದರ ಛಾಯಾಚಿತ್ರ ತೆಗೆದಿಡಿ, ಒಣ ಕುಂಚದಿಂದ ಧೂಳು ಸರಿಸಿ, ಅಷ್ಟಕ್ಕೇ ಬಿಡಿ. ನೀರು, ಸ್ಪಿರಿಟ್, ಮೇಣ ಯಾವುದೂ ಅಲ್ಲಿಗೆ ಬೇಡ. ನಮ್ಮ ಪೆಟ್ಟಿಗೆಯ ಹೊರಮೈಗೆ ಆಚಾರಿ ಬಟ್ಟೆಯುಂಡೆಯಿಂದ ತೆಳುವಾದ ಅರಗನ್ನು ಸುತ್ತುಸುತ್ತಾಗಿ ತಿಕ್ಕಿದರು, ದಿನಕ್ಕೆ ಎರಡು ಮೂರು ಸಲದಂತೆ ಐದು ದಿನ. ಮಳೆಗಾಲದಲ್ಲಿ ಈ ಕೆಲಸ ಮಾಡಿದರೆ ತೇವ ಸಿಕ್ಕಿಕೊಂಡು ಬೆಳ್ಳಗೆ ಮಂಜು ಕಟ್ಟುತ್ತದೆಂದೂ, ಪುಷ್ಯದಿಂದ ಚೈತ್ರದವರೆಗಿನ ಒಣಹವೆ ಇದಕ್ಕೆ ಸಕಾಲವೆಂದೂ ಅವರು ಹೇಳಿದರು. ಒಳಮೈಯನ್ನು ಅವರು ಮುಟ್ಟಲಿಲ್ಲ.

ಮೇಣದ ಕೆಲಸವನ್ನು ಮಾತ್ರ ಮನೆಯ ಹೆಂಗಸರೇ ಮಾಡಿದೆವು, ಅದು ಅಡಿಗೆಮನೆಗೆ ಹತ್ತಿರದ ವಿದ್ಯೆ. ಅಂಚೆಟ್ಟಿಯ ಕಾಡಂಚಿನಿಂದ ಬಂದ ಹೆಜ್ಜೇನಿನ ಮೇಣವನ್ನು ನೀರಿನಲ್ಲಿ ಕುದಿಸಿ ಸೋಸಿ ಕಸ ತೆಗೆದೆವು. ಶುದ್ಧವಾದ ಮೇಣ 100 ಗ್ರಾಮಿಗೆ ಟರ್ಪೆಂಟೈನ್ 300 ಗ್ರಾಂ. ಮೇಣವನ್ನು ಎಂದೂ ನೇರವಾಗಿ ಒಲೆಯ ಮೇಲಿಡಬಾರದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಸುಮಾರು 65 ಡಿಗ್ರಿ ಶಾಖಕ್ಕೆ ಅದು ಕರಗುತ್ತದೆ. ಕರಗಿದೊಡನೆ ಒಲೆಯನ್ನು ಆರಿಸಿ, ಪಾತ್ರೆಯನ್ನು ಅಂಗಳಕ್ಕೆ ಒಯ್ದು, ಅಲ್ಲಿ ಟರ್ಪೆಂಟೈನ್ ಬೆರೆಸಬೇಕು. ಇದನ್ನು ಒತ್ತಿ ಹೇಳುತ್ತಿದ್ದೇವೆ, ಟರ್ಪೆಂಟೈನಿನ ಆವಿಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಆರಿದ ಮೇಲೆ ಅದು ಬೆಣ್ಣೆಯ ಹದಕ್ಕೆ ಬರುತ್ತದೆ. ಬೆಂಚಿನ ಬಿಳಿಗೆ ಇದನ್ನು ಬಟ್ಟೆಯಲ್ಲಿ ತೆಗೆದುಕೊಂಡು ತೆಳುವಾಗಿ ಒತ್ತಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹಳೆಯ ಹತ್ತಿಯ ಸೀರೆಯ ತುಂಡಿನಿಂದ ತಿಕ್ಕಿದೆವು. ಮೇಣವಿಲ್ಲದ ಸುಣ್ಣದ ಬಣ್ಣ ಒಂದು ತೊಟ್ಟು ಕಾಫಿಯನ್ನೂ ತಡೆಯದು, ಹೀರಿಕೊಂಡುಬಿಡುತ್ತದೆ. ಮೇಣ ಹಚ್ಚಿದ ಮೇಲೂ ಮೂರು ನಾಲ್ಕು ವಾರ ಜೋಪಾನ ಮಾಡಬೇಕು. ಬಿಸಿಪಾತ್ರೆಯನ್ನಂತೂ ಎಂದಿಗೂ ಇಡಲಾಗದು. ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಬಳಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆಯದೆ ಬಿಡಿಸಿ ಬಯಲಲ್ಲಿ ಹರವಿದೆವು.

ತೊಟ್ಟಿಲಿನ ಮಾತು ಬಾಕಿಯಿದೆ. ಹುಡುಗಿಗೆ ಅದರ ಮೇಲೆಯೇ ಎಲ್ಲಕ್ಕಿಂತ ಹೆಚ್ಚು ಆಸೆಯಿತ್ತೆಂಬುದನ್ನು ನಾವು ಬಲ್ಲೆವು. ಅದರ ಮೇಲೆ ಹಸಿರು, ಕೆಂಪು ಎನಾಮೆಲ್ ಬಣ್ಣಗಳು ನಾಲ್ಕಾರು ಪದರ ಕೂತಿದ್ದವು, ಒಂದೊಂದು ಮಗುವಿಗೆ ಒಂದೊಂದು ಸಲ. ಹಳೆಯ ಕಾಲದ ಹೊಳೆಯುವ ಬಣ್ಣಗಳಲ್ಲಿ ಸೀಸ ಧಾರಾಳವಾಗಿರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿನ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಹಲ್ಲು ಬರುವ ಕಾಲದ ಕೂಸು ತೊಟ್ಟಿಲಿನ ಅಂಚನ್ನು ಕಚ್ಚದೆ ಬಿಡುವುದಿಲ್ಲ. ಸೀಸ ಕೂಸಿನ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದಲ್ಲ. ಹಾಗೆಂದು ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜಿದರೆ ಆ ಧೂಳು ಮನೆಯೆಲ್ಲ ತುಂಬುತ್ತದೆ, ಬಸುರಿಯಿರುವ ಮನೆಯಲ್ಲಿ ಅದು ಸರ್ವಥಾ ಕೂಡದು. ಮೇಲಿಂದ ಹೊಸ ಬಣ್ಣ ಬಳಿದು ಮುಚ್ಚಿದರೆ? ಚಕ್ಕೆಯೆದ್ದಾಗ ಹೊಸದರೊಡನೆ ಹಳೆಯದೂ ಏಳುತ್ತದೆ. ಆಚಾರಿಗೂ ಇಲ್ಲಿ ಉಪಾಯ ತೋಚಲಿಲ್ಲ. ಸುಡುವಂತೆಯೂ ಇರಲಿಲ್ಲ, ಹೊಗೆಯಲ್ಲಿಯೂ ಸೀಸ ಹೋಗುತ್ತದೆ. ಗೋಣಿಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೇರಿಸಿದೆವು. ಕೂಸಿಗೆ ಅಜ್ಜಿಯ ಕಾಲದಂತೆ ಹತ್ತಿಯ ಸೀರೆಯ ಜೋಲಿಯನ್ನು ತೊಲೆಗೆ ಕಟ್ಟಿದೆವು. ಚನ್ನಪಟ್ಟಣದಿಂದ ಚಿಕ್ಕಪ್ಪನವರು ಅರಗಿನ ಬಣ್ಣದ ಗಿಲಕಿಯೊಂದನ್ನು ತಂದರು, ಬಣ್ಣ ಯಾವುದೆಂದು ಅಂಗಡಿಯವನನ್ನು ಮೂರು ಸಲ ಕೇಳಿದ ಮೇಲೆ.

ಕೂಸು ಹುಟ್ಟಿದ ಹನ್ನೊಂದನೆಯ ದಿನ ನಾಮಕರಣ ಮುಗಿದ ಮೇಲೆ ಪೆಟ್ಟಿಗೆಯ ಮುಚ್ಚಳವನ್ನು ತೆಗೆದೆವು. ದುರ್ಮುಖಿಯ ಸಾಲಿನ ಕೆಳಗೆ ಗೇಣುದ್ದ ಹೊನ್ನೆ ಖಾಲಿಯಿತ್ತು. ನಮ್ಮ ತಲೆಮಾರಿನವರ ಹೆಸರನ್ನು ಯಾರೂ ಬರೆದಿರಲಿಲ್ಲ, ಅಷ್ಟು ಹೊತ್ತಿಗೆ ಆಸ್ಪತ್ರೆಯ ಚೀಟಿಗಳು ಬಂದಿದ್ದವು. ಹುಡುಗಿ ಎಲ್ಲಕ್ಕೂ ಮೊದಲು ಮೇಲಕ್ಕೆ ಹೋಗಿ, ಆಂಗೀರಸ ಎಂಬುದು ಮಸುಕಾಗಿದ್ದ ಕಡೆ, ಅದರ ಪಕ್ಕದಲ್ಲಿ 'ಹೆಣ್ಣುಕೂಸು' ಎಂದು ಬರೆದಳು. ಅನಂತರ ಕೆಳಗಿಳಿದು ತನ್ನ ಮಗಳ ಹೆಸರನ್ನು ಬರೆದಳು. ಬರೆದದ್ದು ಪೆನ್ಸಿಲ್ಲಿನಲ್ಲಿ, ಅದು ನೀರಿಗೆ ಹೋಗುವುದಿಲ್ಲವೆಂದು ಆಚಾರಿ ಹೇಳಿಕೊಟ್ಟಿದ್ದರು.

ಬೆಂಚು ಈಗ ಜಗಲಿಯಲ್ಲಿದೆ. ಅತ್ತೆಯವರು ದಿನವೂ ಅದರ ಮೇಲೆಯೇ ಕೂರುತ್ತಾರೆ. ಬಿಳಿಯ ಬೆಂಚು ಕೊಳೆ ತೋರಿಸುತ್ತದೆಂದು ಅವರ ದೂರು. ಕೂರುವ ಮೊದಲು ಸೆರಗಿನಿಂದ ಒಮ್ಮೆ ಒರಸುತ್ತಾರೆ, ಏಳುವಾಗ ಇನ್ನೊಮ್ಮೆ.